ಸಹಾಯ ಬೇಕು: ಡಿಟಿಪಿ ಅಂಗಡಿಗೆ ಚಾಟ್‌ಜಿಪಿಟಿ ದುಡ್ಡು ಕೊಟ್ಟು ತಗೊಳ್ಳಬಹುದಾ?

ಎಲ್ಲರಿಗೂ ನಮಸ್ಕಾರ. ಶಿರಸಿಯಲ್ಲಿ ಡಿಟಿಪಿ ಅಂಗಡಿ. ಕೆಲಸ ಬಹುಪಾಲು ಕನ್ನಡದ್ದೇ: ತಹಶೀಲ್ದಾರರಿಗೆ ಅರ್ಜಿ, ಸೊಸೈಟಿಗಳ ವಾರ್ಷಿಕ ವರದಿ, ಅಡಿಕೆ ವಖಾರಿಯ ಪಟ್ಟಿ. ಅದರ ದುಡ್ಡಿನ ಪ್ಲಾನ್‌ಗಳಲ್ಲಿ ಪ್ಲಸ್‌ಗೆ 2025ರ ಆಗಸ್ಟ್‌ನಲ್ಲಿ ಭಾರತದಲ್ಲಿ ತಿಂಗಳಿಗೆ 1,999 ರೂಪಾಯಿ ಇತ್ತು, ಅದೇ ತಿಂಗಳು ಗೋ 399ಕ್ಕೆ ಬಂತು. ನಮಗೆ ಯಾವುದು ಸಾಕು? ಫ್ರೀಯಲ್ಲೇ ನಡೆಯುತ್ತದಾ?

ಕೆಲವು ತೊಂದರೆಗೆ ದುಡ್ಡು ಮದ್ದಲ್ಲ, ಅದು ಗೊತ್ತು. ನುಡಿ ತಂತ್ರಾಂಶದ ಹಳೇ ಫಾಂಟಿನ ಫೈಲ್ ಹಾಗೇ ಪೇಸ್ಟ್ ಮಾಡಿದರೆ ಅದಕ್ಕೆ ಕಾಣುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಮೊದಲು ಯೂನಿಕೋಡ್‌ಗೆ ತಿರುಗಿಸಲೇಬೇಕು. ಕೈಬರಹದ ಫೋಟೊ ಕೊಟ್ಟರೆ ೬, ೭, ೯ ಅದಲುಬದಲಾಗುವುದುಂಟು. ಸರ್ವೆ ನಂಬರಿನಲ್ಲಿ ಹಾಗಾದರೆ ಅರ್ಜಿ ಪಕ್ಕದವರ ತೋಟಕ್ಕೆ ಹೋಗಿ ಕೂತಿತು! ಚಾಲಿ, ರಾಶಿ, ಬೆಟ್ಟೆ ಅಡಿಕೆಯ ಮೊತ್ತವನ್ನೂ ಅದರಿಂದ ಕೂಡಿಸುವುದಿಲ್ಲ, ಎಕ್ಸೆಲ್ ಇದೆ. ಗಿರಾಕಿಗಳ ಆಧಾರ್ ನಂಬರ್ ಅಳಿಸಿಯೇ ಹಾಕುವುದು.

ಗೊತ್ತಾಗಬೇಕಿರುವುದು ಅದು ಒಂದು ಸಲಕ್ಕೆ ಎಷ್ಟು ಬರಹ ನೆನಪಿಟ್ಟುಕೊಳ್ಳುತ್ತದೆ ಎಂಬ ಮಿತಿಯ ವಿಷಯ. ಅಷ್ಟೇ ವಿಷಯಕ್ಕೆ ಕನ್ನಡ ಇಂಗ್ಲಿಷಿಗಿಂತ ಹೆಚ್ಚು ಟೋಕನ್ (ಅದು ಬರಹವನ್ನು ಒಡೆದು ಓದುವ ತುಣುಕು) ತಿನ್ನುತ್ತದೆ. ಹಾಗಾಗಿ ಉದ್ದದ ವರದಿ ತಿದ್ದಿಸುವಾಗ ಮೊದಲ ಪುಟಗಳ ಹೆಸರು, ಕಾಗುಣಿತ ಕೊನೆಗೆ ಬದಲಾಗಿಬಿಡುತ್ತದೆ. ಐದೈದು ಪುಟ ತುಂಡು ಮಾಡಿ, ಪ್ರತಿಸಲ ಹೆಸರುಗಳ ಪಟ್ಟಿ ಮೇಲೆ ಹಾಕಿದರೆ ಸರಿಬರುತ್ತದೆ, ಆದರೆ ಮಾರ್ಚ್ ಮುಗಿದ ಮೇಲಿನ ಗಡಿಬಿಡಿಯಲ್ಲಿ ಅಷ್ಟು ಪುರುಸೊತ್ತೆಲ್ಲಿ? ಗೋದಲ್ಲಿ 40 ಪುಟದ ಕನ್ನಡ ವರದಿ ಒಂದೇ ಸಲ ಕೊಟ್ಟವರಿದ್ದರೆ ಹೇಳಿ, ಕೊನೆವರೆಗೂ ಹಿಡಿತ ಉಳಿಯಿತಾ?

ಇನ್ನೊಂದು: ಆ್ಯಪ್ ಡಿಲೀಟ್ ಮಾಡಿದರೆ ಆಟೊಪೇ ನಿಲ್ಲುವುದಿಲ್ಲ, ಪ್ಲೇಸ್ಟೋರ್‌ನಲ್ಲಿ ತಗೊಂಡಿದ್ದರೆ ಅಲ್ಲೇ ರದ್ದು ಮಾಡಬೇಕು. ವರದಿ ಸೀಸನ್ನಿಗೆ ಮಾತ್ರ ಒಂದು ತಿಂಗಳು ತಗೊಂಡು ಬಿಡುವವರು ಇಲ್ಲಿದ್ದೀರಾ?