ತಿಂಗಳ ಹಿಂದೆ ಮನೇಲಿ ಕೋವಿಡ್, ಈಗ ಮಗಳಿಗೆ ಜ್ವರ, ಮೈಮೇಲೆ ದದ್ದು. ಅಲರ್ಜಿನಾ?

ದಾವಣಗೆರೆ_ಅಮ್ಮ
ಮಗಳಿಗೆ ಏಳು ವರ್ಷ. ಜ್ವರ ಶುರುವಾಗಿ ಇವತ್ತಿಗೆ ನಾಲ್ಕು ದಿನ. ಪ್ಯಾರಾಸಿಟಮಾಲ್ ಕೊಟ್ಟರೆ ಇಳಿಯುತ್ತೆ, ಸ್ವಲ್ಪ ಹೊತ್ತಿಗೆ ಮತ್ತೆ 103. ನಿನ್ನೆ ಸಂಜೆ ಒದ್ದೆ ಬಟ್ಟೇಲಿ ಮೈ ಒರೆಸುವಾಗ ನೋಡಿದರೆ ಹೊಟ್ಟೆ ಮೇಲೆ, ತೊಡೆ ಸಂದಿನಲ್ಲಿ ಕೆಂಪು ದದ್ದು, ಕೆಲವು ಬರೀ ಚುಕ್ಕೆ, ಕೆಲವು ಒಂದಕ್ಕೊಂದು ಕೂಡಿಕೊಂಡು ದೊಡ್ಡದಾಗಿವೆ. ಬೆಳಿಗ್ಗೆ ಬೆನ್ನಿಗೂ ಹಬ್ಬಿದೆ. ತುರಿಕೆ ಅಷ್ಟಾಗಿ ಇಲ್ಲ. ಎರಡೂ ಕಣ್ಣು ಕೆಂಪಗಿವೆ, ಪಿಸುರು ಕಟ್ಟಿಲ್ಲ. ಹೊಟ್ಟೆನೋವು ಅಂತಾಳೆ, ವಾಂತಿನೂ ಆಯ್ತು.

ಕ್ಲಿನಿಕ್‌ನಲ್ಲಿ ಅಲರ್ಜಿ ಅಂತ ಸಿರಪ್ ಬರೆದುಕೊಟ್ಟರು. ನಮ್ಮತ್ತೆ 'ಅಮ್ಮ ಆಗಿದೆ' ಅಂತ ಬೇವಿನಸೊಪ್ಪು ತಂದು ಹಾಸಿಗೆ ಮೇಲೆ ಹರಡಿದ್ದಾರೆ, ಆದರೆ ನೀರು ತುಂಬಿದ ಗುಳ್ಳೆ ಒಂದೂ ಇಲ್ಲ. ತಿಂಗಳ ಹಿಂದೆ ನಮ್ಮೆಜಮಾನರಿಗೆ ಕೋವಿಡ್ ಪಾಸಿಟಿವ್ ಬಂದಿತ್ತು, ಆಗ ಇವಳಿಗೆ ಸುಮ್ನೆ ಮೂಗು ಸೋರಿತ್ತು ಅಷ್ಟೆ. ಅದಕ್ಕೂ ಇದಕ್ಕೂ ಸಂಬಂಧ ಇರಬಹುದಾ? ಫೋಟೋ ಹಾಕಲಾ?

ಶಿರಸಿ_ಅಪ್ಪ
ಫೋಟೋ ಬೇಡ ಅಕ್ಕ, ಮೊದಲು ಮಕ್ಕಳ ಐಸಿಯು ಇರುವ ಆಸ್ಪತ್ರೆಗೆ ಹೊರಡಿ. ಇವತ್ತೇ.

2021ರ ಎರಡನೇ ಅಲೆ ಮುಗೀತಾ ಬಂದಾಗ ನನ್ನ ಮಗನಿಗೆ ಆಗಿದ್ದು ಇದೇ, ಎಂಐಎಸ್-ಸಿ, ಅಂದರೆ ಕೋವಿಡ್ ಬಂದು ಹೋದ ಮೇಲೆ ಮಕ್ಕಳ ಮೈಯಲ್ಲಿ ಹಲವು ಅಂಗಗಳಿಗೆ ಉರಿಯೂತ ಆಗುವ ಕಾಯಿಲೆ. ನೋಡಲು ಬಂದವರೆಲ್ಲ ದದ್ದನ್ನೇ ನೋಡಿ ಮಾತಾಡಿದರು. ಒಬ್ಬರು ದಡಾರ ಅಂದರು, ಇನ್ನೊಬ್ಬರು ಪಿತ್ತದ ಗಂಧೆ ಅಂದರು, ಮೊದಲು ತೋರಿಸಿದ ಕಡೆ ಡೆಂಗ್ಯೂ ಇರಬೇಕು ಅಂದರು. ಅವನ ತುಟಿ ಒಡೆದಿತ್ತು, ನಾಲಿಗೆ ಕಡುಕೆಂಪಾಗಿ ಕಾಳು ಕಾಳು ಎದ್ದಿತ್ತು, ಮುಂಗೈ ಊದಿ ಬೆಳ್ಳಿ ಕಡಗ ಎಷ್ಟು ಸೋಪು ಹಚ್ಚಿದರೂ ಈಚೆ ಬರಲಿಲ್ಲ. ಅದ್ಯಾವುದೂ ಯಾರ ಕಣ್ಣಿಗೂ ಬೀಳಲಿಲ್ಲ ನೋಡಿ.

ಇನ್ನೊಂದು ಮಾತು. ಅಲ್ಲಿ ಮೂಗಿನ ಸ್ವಾಬ್ ಆರ್‌ಟಿಪಿಸಿಆರ್ ನೆಗೆಟಿವ್ ಬಂತು ಅಂತ ಕೋವಿಡ್ ವಿಷಯವನ್ನೇ ಕೈಬಿಡೋದರಲ್ಲಿದ್ದರು. ಮನೇಲಿ ಯಾರಿಗೆ ಯಾವಾಗ ಬಂದಿತ್ತು ಅನ್ನೋದನ್ನ ನೀವೇ ಬಾಯಿಬಿಟ್ಟು ಹೇಳಿ.

ಮಕ್ಕಳವಾರ್ಡ್_ಡಾಕ್ಟರ್
ಮೇಲಿನವರು ಹೇಳಿದ್ದು ಸರಿ, ಕಾಯಬೇಡಿ. ಇಲ್ಲಿ ಕೂತು ನಾನು ರೋಗ ಹೆಸರಿಸೋಕೆ ಆಗಲ್ಲ, ಆದರೆ ನೀವು ಬರೆದಿರುವ ಎಲ್ಲವೂ ಒಟ್ಟಿಗೆ ಇವೆ ಅಂದಮೇಲೆ ಅಲರ್ಜಿ ಸಿರಪ್ ಕೊಟ್ಟು ಮನೇಲಿ ಇಟ್ಟುಕೊಳ್ಳುವ ಕೇಸ್ ಅಲ್ಲ.

ಕೋವಿಡ್ ಸೋಂಕು ತಗುಲಿ ಸಾಮಾನ್ಯವಾಗಿ 2ರಿಂದ 6 ವಾರದ ಮೇಲೆ ಎಂಐಎಸ್-ಸಿ ಕಾಣಿಸುತ್ತೆ. ಅಷ್ಟರಲ್ಲಿ ವೈರಸ್ ಬಹುತೇಕ ಹೋಗಿರುತ್ತೆ, ಕಾಟ ಕೊಡೋದು ಮೈಯ ರೋಗನಿರೋಧಕ ಶಕ್ತಿಯೇ, ಎಲ್ಲೆ ಮೀರಿ ಕೆರಳಿರುತ್ತೆ. ಅದಕ್ಕೇ ಸ್ವಾಬ್ ನೆಗೆಟಿವ್ ಬಂದು ರಕ್ತದ ಆಂಟಿಬಾಡಿ ಪಾಸಿಟಿವ್ ಇರೋದು. 2020ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ವ್ಯಾಖ್ಯೆಯಲ್ಲಿ ಮೂರು ದಿನ ಅಥವಾ ಜಾಸ್ತಿ ಜ್ವರ ಇರಬೇಕು, ಅದರ ಜೊತೆ ದದ್ದು ಅಥವಾ ಕಣ್ಣು ಕೆಂಪು, ಬಿಪಿ ಇಳಿಯೋದು, ಹೃದಯದ ತೊಂದರೆ, ರಕ್ತ ಹೆಪ್ಪುಗಟ್ಟುವಿಕೆಯಲ್ಲಿ ಏರುಪೇರು, ವಾಂತಿ-ಭೇದಿ-ಹೊಟ್ಟೆನೋವು, ಇವುಗಳಲ್ಲಿ ಎರಡಾದರೂ ಇರಬೇಕು. ರಕ್ತದಲ್ಲಿ ಸಿಆರ್‌ಪಿ ಥರದ ಉರಿಯೂತದ ಗುರುತೂ ಏರಿರಬೇಕು, ಬೇರೆ ಸೋಂಕು ಕಾರಣ ಅಲ್ಲ ಅಂತಲೂ ಖಾತ್ರಿ ಆಗಬೇಕು.

ದದ್ದಿನ ವಿಷಯಕ್ಕೆ ಬಂದರೆ, ಇದಕ್ಕೆ ಅಂತಲೇ ಒಂದು ಆಕಾರ ಇಲ್ಲ. ದಡಾರದ ಥರ ಇರಬಹುದು, ಗಂಧೆ ಥರ ಇರಬಹುದು, ಬಲೆ ಹೆಣೆದ ಹಾಗೂ ಇರಬಹುದು, ಕೆಲವು ಮಕ್ಕಳಿಗೆ ಬರೋದೇ ಇಲ್ಲ. ನಮ್ಮ ಮಕ್ಕಳ ಕಂದು ಮೈಬಣ್ಣದಲ್ಲಿ ಕೆಂಪು ಎದ್ದು ಕಾಣಲ್ಲ, ಕಂದು ಅಥವಾ ನೇರಳೆ ಛಾಯೆ ಬರುತ್ತೆ, ಹಾಗಾಗಿ ಹಗಲು ಬೆಳಕಲ್ಲಿ ನೋಡಿ, ಕೈಯಿಂದ ಸವರಿ ನೋಡಿ. ಗಾಜಿನ ಲೋಟ ಒತ್ತಿದರೂ ಮಾಸದ ಚುಕ್ಕೆ ಇದ್ದರೆ ಅದು ಬೇರೆಯೇ ತುರ್ತು, ಚರ್ಮದಡಿ ರಕ್ತ ಒಸರಿರಬಹುದು. ಹಾಗಂತ ಮಾಸಿತು ಅಂತ ಸಮಾಧಾನ ಪಟ್ಟುಕೊಂಡು ಕೂರಬೇಡಿ.

ಡೆಂಗ್ಯೂ, ಸ್ಕ್ರಬ್ ಟೈಫಸ್ (ಸಣ್ಣ ಹುಳ ಕಚ್ಚಿ ಬರುವ ಜ್ವರ), ಕವಾಸಾಕಿ (ಮಕ್ಕಳ ರಕ್ತನಾಳಗಳ ಉರಿಯೂತದ ಕಾಯಿಲೆ) ಎಲ್ಲವನ್ನೂ ಆಸ್ಪತ್ರೆಯ ಡಾಕ್ಟರ್‌ಗಳು ಹೋಲಿಸಿ ನೋಡ್ತಾರೆ. ಇದಕ್ಕೂ ಕವಾಸಾಕಿಗೂ ಹೋಲಿಕೆ ಜಾಸ್ತಿ, ಆದರೆ ಅದು ಹೆಚ್ಚಾಗಿ ಐದರೊಳಗಿನ ಮಕ್ಕಳಿಗೆ. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸ್ತೀರಾ ಅಂತ ಕೇಳಿ. ಡೆಂಗ್ಯೂ ಅಲ್ಲ ಅಂತ ಗೊತ್ತಾಗುವವರೆಗೆ ಐಬುಪ್ರೊಫೆನ್ ಕೊಡಬೇಡಿ. ಕೈಕಾಲು ತಣ್ಣಗಾದರೆ, ಉಚ್ಚೆ ಕಡಿಮೆ ಆದರೆ, ಮಂಕಾದರೆ ದಾರಿಯಲ್ಲಿ ಸಿಗುವ ಮೊದಲ ಆಸ್ಪತ್ರೆಗೆ ನುಗ್ಗಿ.

ಕಾಮನ್‌ಸೆನ್ಸ್
ಡಾಕ್ಟರೇ, ಹಿಂಗೆ ಬರೆದರೆ ಜ್ವರಕ್ಕೆ ದದ್ದು ಬಂದ ಮಕ್ಕಳನ್ನೆಲ್ಲ ಐಸಿಯುಗೆ ಹೊತ್ತುಕೊಂಡು ಓಡ್ತಾರೆ ಅಲ್ವಾ? ಈಗ ಇದು ಎಲ್ಲಿದೆ?

ಮಕ್ಕಳವಾರ್ಡ್_ಡಾಕ್ಟರ್
ಅಪರೂಪ, ಒಪ್ಪಿದೆ. ಒಮಿಕ್ರಾನ್ ಬಂದ ಮೇಲೆ ಬಹಳ ಕಡಿಮೆ ಆಗಿದೆ. ವೈರಲ್ ಜ್ವರದ ದದ್ದು ಬಹುಪಾಲು ತಾನಾಗೇ ಹೋಗುತ್ತೆ, ಜ್ವರ ಇಳಿದ ತಕ್ಷಣ ಎದ್ದು ಬಿಸ್ಕತ್ತು ಕೇಳಿ ಟಿವಿ ಮುಂದೆ ಕೂರುವ ಮಗುವಿನ ದದ್ದಿಗೆ ನಾನೂ ತಲೆ ಕೆಡಿಸಿಕೊಳ್ಳಲ್ಲ. ಈ ಮಗು ಹಾಗಿಲ್ಲ.

ದಾವಣಗೆರೆ_ಅಮ್ಮ
ಅಡ್ಮಿಟ್ ಆಗಿದೆ. ಸಿಆರ್‌ಪಿ ತುಂಬಾ ಜಾಸ್ತಿ, ಡೆಂಗ್ಯೂ ಇಲ್ಲ, ಸ್ವಾಬ್ ನೆಗೆಟಿವ್, ಆಂಟಿಬಾಡಿ ಪಾಸಿಟಿವ್. ಎಕೋದಲ್ಲಿ ಹೃದಯ ಸ್ವಲ್ಪ ದುರ್ಬಲ ಅಂದರು, ರಕ್ತನಾಳ ಸರಿ ಇದೆಯಂತೆ. ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಆಂಟಿಬಾಡಿ, ನರಕ್ಕೆ ಡ್ರಿಪ್ ಹಾಕೋದು) ಮತ್ತು ಸ್ಟಿರಾಯ್ಡ್ ಕೊಟ್ಟರು. ಐವಿಐಜಿ ಕೆ.ಜಿ.ಗೆ 2 ಗ್ರಾಂ ಲೆಕ್ಕ, ಇವಳು 20 ಕೆ.ಜಿ., ಅಂದರೆ 40 ಗ್ರಾಂ, ಐದೈದು ಗ್ರಾಮಿನ ಎಂಟು ಬಾಟಲಿ. ಬಿಲ್ ಕೇಳಬೇಡಿ. ಈಗ ಜ್ವರ ಬಿಟ್ಟಿದೆ, ದದ್ದು ಮಾಸ್ತಿದೆ, ಮೊಸರನ್ನ ತಿಂದಳು. ಮನೆಗೆ ಹೋದ ಮೇಲೆ ಏನು ನೋಡಿಕೊಳ್ಳಬೇಕು?

ಶಿರಸಿ_ಅಪ್ಪ
ಒಳ್ಳೇದಾಯ್ತು ಅಕ್ಕ. ಬೆರಳ ತುದೀಲಿ ಚರ್ಮ ಸುಲಿಯಬಹುದು, ಗಾಬರಿ ಬೇಡ, ಕಿತ್ತು ಎಳೆಯೋಕೆ ಬಿಡಬೇಡಿ. ಎಕೋ ಮತ್ತೆ ಮಾಡಿಸೋಕೆ ಕರೀತಾರೆ, ಹುಷಾರಾಗಿದ್ದಾಳಲ್ಲ ಅಂತ ಅದನ್ನ ತಪ್ಪಿಸಬೇಡಿ. ಓಡೋದು, ಆಟ, ಪಿಟಿ ಎಲ್ಲ ಹೃದಯದ ಡಾಕ್ಟರ್ ಹ್ಞೂಂ ಅಂದ ಮೇಲೆ.

ಮಕ್ಕಳವಾರ್ಡ್_ಡಾಕ್ಟರ್
ಎರಡು ಸೇರಿಸ್ತೀನಿ. ಐವಿಐಜಿ ಆದ ಮೇಲೆ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ), ಚಿಕನ್‌ಪಾಕ್ಸ್ ಲಸಿಕೆಗಳನ್ನು 11 ತಿಂಗಳು ಮುಂದೂಡಬೇಕು, ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ. ಆಸ್ಪಿರಿನ್ ಕೊಟ್ಟಿದ್ದರೆ, ಅದು ನಡೆಯುವಾಗ ಮನೇಲಿ ಯಾರಿಗಾದರೂ ಫ್ಲೂ ಅಥವಾ ಚಿಕನ್‌ಪಾಕ್ಸ್ ಬಂದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ, ನೀವಾಗೇ ನಿಲ್ಲಿಸೋದೂ ಬೇಡ, ಸುಮ್ಮನಿರೋದೂ ಬೇಡ.