ಬೂದಿದಿಬ್ಬದ ಮೇಲೆ ಪಿಎಚ್‌ಡಿ: ಹಿಂದಿನವರು ಬರೆದದ್ದನ್ನು ಪೂರ್ತಿ ಹುಡುಕುವುದು ಹೇಗೆ?

ಸಿಂಧನೂರಿನಾಕಿ

ಎಲ್ಲರಿಗೂ ನಮಸ್ಕಾರ್ರೀ. ಸಿಂಧನೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ ಇದ್ದೀನಿ. ಬಳ್ಳಾರಿ, ರಾಯಚೂರು ಭಾಗದ ನವಶಿಲಾಯುಗದ ಬೂದಿದಿಬ್ಬಗಳ (ಸಗಣಿ ಸುಟ್ಟ ಬೂದಿಯ ಹಳೇ ಗುಡ್ಡೆಗಳ) ಮೇಲೆ ಪಿಎಚ್‌ಡಿ ನಡೆದದ. ಹೋದ ವಾರ ಸಾಹಿತ್ಯ ಸಮೀಕ್ಷೆ ಅಧ್ಯಾಯ ಕೊಟ್ಟಿದ್ದೆ. ಗೈಡ್ ನಾಲ್ಕು ಹಾಳಿ ತಿರುವಿ, "ಎಲ್ಲಾ ಈಚಿನ ಹತ್ತು ವರ್ಷದವೇ ಅದಾವಲ್ಲಮ್ಮ, ಅದಕ್ಕೂ ಮುಂಚೆ ಈ ದಿಬ್ಬ ಯಾರೂ ನೋಡಿಲ್ಲೇನು?" ಅಂತ ಕೇಳಿ ವಾಪಸ್ ಕೊಟ್ರು. ನಾನು ಸಂಶೋಧನಾ ಲೇಖನ ಹುಡುಕೋ ಗೂಗಲ್ ಸ್ಕಾಲರ್‌ನಾಗ ಇಂಗ್ಲಿಷಿನಲ್ಲಿ "ಆ್ಯಶ್‌ಮೌಂಡ್ ಬಳ್ಳಾರಿ" ಅಂತ ಹಾಕಿದ್ದೆ. ಪಿಎಚ್‌ಡಿ ಪ್ರಬಂಧಗಳನ್ನು ಕೂಡಿಡೋ ಶೋಧಗಂಗಾ ಜಾಲತಾಣದಾಗ ಕನ್ನಡದಲ್ಲೇ "ಬೂದಿದಿಬ್ಬ" ಅಂತ ಹಾಕಿದರೆ ಕೆಲಸಕ್ಕೆ ಬರುವಂಥದ್ದು ಒಂದೂ ಸಿಗಲಿಲ್ಲ. ಮಗಳನ್ನು ಮಲಗಿಸಿದ ಮೇಲೆ ದಿನಕ್ಕೆ ಎರಡು ತಾಸು ಸಿಗ್ತದ, ಅಷ್ಟೇ. ಎಲ್ಲಿಂದ ಶುರು ಮಾಡಲಿ? ಎಲ್ಲಿಗೆ ಸಾಕು ಅನ್ನಲಿ?

ಕೊಪ್ಪಳದಿಂದ

ಮೇಡಂ, ಈಚಿನ ಒಂದು ಒಳ್ಳೆ ಲೇಖನ ಹಿಡೀರಿ. ಅದರ ಕೊನೆಗಿರೋ ಗ್ರಂಥಋಣ ನೋಡ್ಕೊಂತ ಹಿಂದಕ್ಕೆ ಹೋಗ್ರಿ. ಆಮೇಲೆ ಅದೇ ಲೇಖನವನ್ನು ಮುಂದೆ ಯಾರ್‍ಯಾರು ಬಳಸ್ಯಾರ ಅನ್ನೋದನ್ನ ಸ್ಕಾಲರ್‌ನ "ಸೈಟೆಡ್ ಬೈ" ಒತ್ತಿ ನೋಡ್ರಿ. ನಾನು ಹಿರೇಬೆಣಕಲ್‌ನ ಶಿಲಾಸಮಾಧಿಗಳ ಮೇಲೆ ಕೆಲಸ ಮಾಡಿದವ. ಆ ಊರಿನ ಹೆಸರನ್ನು ಇಂಗ್ಲಿಷಿನಾಗ ಒಬ್ಬರು ಕೂಡಿಸಿ ಬರೀತಾರ, ಒಬ್ಬರು ಬಿಡಿಸಿ, ಒಬ್ಬರು ನಡುವಿನ ಅಕ್ಷರ ನುಂಗ್ತಾರ. ಮೂರೂ ಹಾಕಿ ಹುಡುಕೋತನಕ ನನಗೆ ಅರ್ಧ ಬರಹ ಕಂಡೇ ಇರಲಿಲ್ಲ.

ಬಳ್ಳಾರಿ ಗ್ರಂಥಪಾಲಕ

ತಂಗಿ, ನಿಮ್ಮ ಶ್ರಮ ಕಡಿಮೆ ಆಗಿಲ್ಲ, ಪದ ತಪ್ಪಿದೆ. ನಮ್ಮೂರಿನ ಇಂಗ್ಲಿಷ್ ಕಾಗುಣಿತ ಬದಲಾಗಿದ್ದು 2014ರ ನವೆಂಬರ್ 1ಕ್ಕೆ. ಅದಕ್ಕೂ ಹಿಂದಿನವರು ಬರೆದದ್ದು "ಬೆಲ್ಲಾರಿ". ಹೊಸ ಕಾಗುಣಿತದಲ್ಲಿ ಹುಡುಕಿದ್ದಕ್ಕೇ ನಿಮಗೆ ಹೊಸಬರು ಮಾತ್ರ ಸಿಕ್ಕರು.

ದಿಬ್ಬದ ಹೆಸರೂ ಹಾಗೇ. 1843ರಲ್ಲಿ ನ್ಯೂಬೋಲ್ಡ್ ಎಂಬ ಮದರಾಸು ಸೈನ್ಯದ ಅಧಿಕಾರಿ ಬರೆದಾಗ "ಸ್ಕೋರಿಯಸ್ ಆ್ಯಶಸ್" ಅಂದ. 1899ರಲ್ಲಿ ಇತಿಹಾಸಕಾರ ಸೂಯೆಲ್ "ಸಿಂಡರ್ ಮೌಂಡ್" ಅಂದ. 1960ರ ಬರಹದಲ್ಲೂ ಆ ಪದ ಇದೆ. "ಆ್ಯಶ್ ಮೌಂಡ್" ಎಂದು ಬಿಡಿಸಿ ಬರೆದವರಿದ್ದಾರೆ, ಕೂಡಿಸಿ ಬರೆದವರೂ ಇದ್ದಾರೆ. ಬೂದಿ ಒಂದೇ, ಹೆಸರು ಮಾತ್ರ ಬೇರೆ ಬೇರೆ.

ಆದ್ದರಿಂದ ಮೊದಲ ಎರಡು ಸಂಜೆ ಲ್ಯಾಪ್‌ಟಾಪ್ ಮುಚ್ಚಿಡಿ. ಉದ್ದ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಗೆರೆ ಎಳೀರಿ. ಒಂದರಲ್ಲಿ ವಸ್ತುವಿನ ಹೆಸರು, ಒಂದರಲ್ಲಿ ಊರಿನ ಹೆಸರು, ಇನ್ನೊಂದರಲ್ಲಿ ಆ ಊರನ್ನು ಆಳಿದವರ ಹೆಸರು. ಮೂರನೆಯದನ್ನು ಯಾರೂ ಹಾಕುವುದಿಲ್ಲ, ನಮ್ಮ ಭಾಗಕ್ಕೆ ಅದೇ ಮುಖ್ಯ. ಬಳ್ಳಾರಿ 1953ರವರೆಗೆ ಮದರಾಸಿನಲ್ಲಿತ್ತು, ರಾಯಚೂರು 1956ರವರೆಗೆ ಹೈದರಾಬಾದಿನಲ್ಲಿ. ಕೊಪ್ಪಳ ಜಿಲ್ಲೆ ಆದದ್ದೇ 1997ಕ್ಕೆ.

ಮುದಗಲ್ ಹತ್ತಿರದ ಪಿಕ್ಲಿಹಾಳ ನಿಮಗೆ ಗೊತ್ತೇ ಇರುತ್ತದೆ. ಪುರಾತತ್ತ್ವಜ್ಞ ಆಲ್ಚಿನ್ ಅಲ್ಲಿ ಅಗೆದದ್ದು 1952ರಲ್ಲಿ, ನಿಮ್ಮದೇ ಜಿಲ್ಲೆಯ ಲಿಂಗಸುಗೂರು ತಾಲ್ಲೂಕು. ಆದರೆ ವರದಿ ಅಚ್ಚಾದದ್ದು 1960ರಲ್ಲಿ, ಆಂಧ್ರಪ್ರದೇಶ ಸರ್ಕಾರದ ಪುರಾತತ್ತ್ವ ಮಾಲೆಯಲ್ಲಿ! ಅಷ್ಟರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕು ವರ್ಷ ಆಗಿತ್ತು, ಇಲಾಖೆ ಮಾತ್ರ ಹೈದರಾಬಾದಿನಲ್ಲೇ ಉಳಿದಿತ್ತು. ಕರ್ನಾಟಕದ ಕಪಾಟಿನಲ್ಲಿ ಎಷ್ಟು ತಡಕಿದರೂ ಆ ಪುಸ್ತಕ ಸಿಗದೆ ಅತ್ತವರನ್ನು ನಾನು ಕೌಂಟರಿನ ಈಚೆ ನಿಂತು ನೋಡಿದ್ದೇನೆ. ವಿಷಯದ ಗೋಡೆಯನ್ನೂ ದಾಟಿ. ಬ್ರೂಸ್ ಫೂಟ್ ಭೂವಿಜ್ಞಾನ ಸರ್ವೇಕ್ಷಣೆಯವನು. ಅವನ ಬಳ್ಳಾರಿ ಬರಹ ಪುರಾತತ್ತ್ವದಲ್ಲಿ ಸಿಗದಿದ್ದರೆ ಭೂವಿಜ್ಞಾನದ ಕಡೆ ನೋಡಿ.

ಪಟ್ಟಿ ಆದ ಮೇಲೆ ಒಂದೇ ಅರ್ಥದ ಪದಗಳ ನಡುವೆ ಇಂಗ್ಲಿಷಿನ ದೊಡ್ಡಕ್ಷರದಲ್ಲಿ "OR" (ಅಥವಾ) ಹಾಕಿ, ಜೋಡಿ ಪದಗಳಿಗೆ ಉದ್ಧರಣ ಚಿಹ್ನೆ ಹಾಕಿ. ಸ್ಕಾಲರ್ ಒಂದು ಹುಡುಕಾಟಕ್ಕೆ ಮೊದಲ ಸಾವಿರ ಫಲಿತಾಂಶ ಮಾತ್ರ ತೋರಿಸುತ್ತದೆ. ಅದಕ್ಕೇ ವರ್ಷಗಳನ್ನು ತುಂಡು ಮಾಡಿ: 1900ರವರೆಗೆ, 1947ರವರೆಗೆ, ಹೀಗೆ.

ಕನ್ನಡದ್ದು ಬೇರೆಯೇ ಕಥೆ. ಹಳೆಯ ಪಿಡಿಎಫ್ ಒಂದನ್ನು ತೆಗೆದು "ಬೂದಿ" ಎಂಬ ಪದವನ್ನು ಕಾಪಿ ಮಾಡಿ ಬೇರೆಡೆ ಪೇಸ್ಟ್ ಮಾಡಿ ನೋಡಿ. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ ಯುನಿಕೋಡ್ (ಎಲ್ಲ ಯಂತ್ರಕ್ಕೂ ಒಂದೇ ಅಕ್ಷರ ಸಂಕೇತ) ಇಲ್ಲದೆ ಕುಟ್ಟಿದ್ದರೆ ಬರೀ ಚಿಹ್ನೆಗಳ ಸಾಲು ಬರುತ್ತದೆ. ಹುಡುಕುವ ಯಂತ್ರಕ್ಕೂ ಕಾಣುವುದು ಅದೇ. ಶೋಧಗಂಗಾದ ಎಷ್ಟೋ ಕನ್ನಡ ಪ್ರಬಂಧಗಳು ಬರೀ ಸ್ಕ್ಯಾನ್ ಚಿತ್ರ. ಅಲ್ಲಿ ಒಳಗಿನ ಪದ ಹುಡುಕಬೇಡಿ. ಶೀರ್ಷಿಕೆಯನ್ನು ಇಂಗ್ಲಿಷ್ ಲಿಪಿಯಲ್ಲಿ ಹಾಕಿ, ಇಲ್ಲವೇ ವಿಶ್ವವಿದ್ಯಾಲಯ, ವಿಭಾಗ ಹಿಡಿದು ಒಂದೊಂದೇ ತೆರೆಯಿರಿ. ನಿಧಾನ ಆಗುತ್ತದೆ, ಬೇರೆ ದಾರಿ ಇಲ್ಲ.

ಪ್ರತಿ ಸಂಜೆ ತಾರೀಖು, ಎಲ್ಲಿ ಹುಡುಕಿದಿರಿ, ಯಾವ ಪದ, ಎಷ್ಟು ಬಂತು, ಯಾವುದನ್ನು ಇಟ್ಟುಕೊಂಡಿರಿ ಎಂದು ಒಂದು ಸಾಲು ಬರೆದಿಡಿ. ಲೇಖನಗಳ ವಿವರವನ್ನು ಗ್ರಂಥಋಣ ಜೋಡಿಸಿಡುವ ಜೊಟೆರೊ ತಂತ್ರಾಂಶಕ್ಕೆ ಹಾಕಿ, ದುಡ್ಡು ಬೇಡ. ಎಲ್ಲಿಗೆ ಸಾಕು ಅಂದಿರಿ. ಹೊಸದಾಗಿ ಸಿಕ್ಕ ನಾಲ್ಕೈದು ಲೇಖನಗಳ ಗ್ರಂಥಋಣದಲ್ಲಿ ನಿಮ್ಮ ಪಟ್ಟಿಯಲ್ಲಿಲ್ಲದ ಹೆಸರು ಒಂದೂ ಬರದಿದ್ದರೆ, ಅಲ್ಲಿಗೆ.

ಸಿಂಧನೂರಿನಾಕಿ

ಅಣ್ಣಾರ, ರಾತ್ರಿ ಹನ್ನೊಂದಕ್ಕೆ "ಸಿಂಡರ್ ಮೌಂಡ್", "ಬೆಲ್ಲಾರಿ" ಹಾಕಿ 1900ರವರೆಗೆ ಅಂತ ಕೊಟ್ಟೆ. ಸೂಯೆಲ್ ಸಿಕ್ಕ! ಕಣ್ಣಾಗ ನೀರು ಬಂತು. ಒಂದು ಮಾತು ಕೇಳ್ತೀನಿ. ಬಳ್ಳಾರಿ ಹತ್ತಿರದ ಕುಡತಿನಿ ದಿಬ್ಬ ಅಂದ್ರ ಭೀಮ ಕೊಂದ ಹಿಡಿಂಬಾಸುರನ್ನ ಸುಟ್ಟ ಬೂದಿ ಅಂತ ನಮ್ಮಜ್ಜಿ ಹೇಳ್ತಿದ್ಲು. ಆ ಹೆಸರೂ ಕಾಲಂನಾಗ ಹಾಕ್ಲೇನು?

ಬಳ್ಳಾರಿ ಗ್ರಂಥಪಾಲಕ

ಹಾಕಿ ತಾಯಿ. ಆ ಕಾಲದ ಇಂಗ್ಲಿಷಿನವರು ಕಿವಿಗೆ ಬಿದ್ದಂತೆ ಬರೆದವರು. ಹಿಡಿಂಬನನ್ನು "ಎಚ್"ನಿಂದ ಒಮ್ಮೆ, "ಇ"ಯಿಂದ ಒಮ್ಮೆ ಬರೆದು ಹುಡುಕಿ. ಕುಡತಿನಿಗೂ ಮೂರು ಕಾಗುಣಿತ ಆದರೂ ಬೇಕಾಗುತ್ತವೆ.