ಪದಚರ್ಚೆ: ಕೌನ್ಸೆಲಿಂಗ್‌ಗೆ ಬಂದವರನ್ನು ಏನೆಂದು ಕರೆಯೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಹನ್ನೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದ ಮೇಲೆ ನಾನು ಮತ್ತೆ ಓದಲು ಕೂತಿದ್ದೇನೆ. ಕೌನ್ಸೆಲಿಂಗ್ ಸೈಕಾಲಜಿಯಲ್ಲಿ ಎಂ.ಎಸ್ಸಿ., ಈಗ ಮೂರನೇ ಸೆಮಿಸ್ಟರ್. ಪಾಠವೆಲ್ಲ ಇಂಗ್ಲಿಷಿನಲ್ಲೇ. ಆದರೆ ಪ್ರಾಕ್ಟಿಕಲ್‌ಗೆ ಹೋಗುವುದು ತುಮಕೂರು ಜಿಲ್ಲೆಯ ಒಂದು ಆಸ್ಪತ್ರೆಗೆ. ಅಲ್ಲಿಗೆ ಬರುವವರು ಕೊರಟಗೆರೆ, ಮಧುಗಿರಿ, ಶಿರಾ ಕಡೆಯ ಹಳ್ಳಿಯವರು. ನನಗೆ ಬೇಕಾಗಿರುವುದು ಒಂದು ಪದ. ಮನಸ್ಸಿನ ಕಷ್ಟಕ್ಕೆ ಕೌನ್ಸೆಲರ್ ಹತ್ತಿರ ಬಂದವರನ್ನು ಈ ಕೆಲಸದಲ್ಲಿ ‘ಕ್ಲೈಂಟ್’ ಅನ್ನುತ್ತಾರಲ್ಲ, ಅವರನ್ನು ಕನ್ನಡದಲ್ಲಿ ಏನೆಂದು ಕರೆಯೋದು?

ಯಾಕೆ ಕೇಳುತ್ತಿದ್ದೇನೆ ಅಂತ ಹೇಳಿಬಿಡುತ್ತೇನೆ. ಮಾತು ಶುರು ಮಾಡುವ ಮುಂಚೆ ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಬೇಕು. ಇಲ್ಲಿ ಆಡಿದ ಮಾತು ಹೊರಗೆ ಹೋಗುವುದಿಲ್ಲ, ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ನಿಲ್ಲಿಸಬಹುದು, ಜೀವಕ್ಕೇ ಅಪಾಯ ಅಂತ ಕಂಡರೆ ಮಾತ್ರ ಬೇರೆಯವರಿಗೆ ತಿಳಿಸಬೇಕಾಗುತ್ತದೆ. ಇಷ್ಟೇ ಅದರಲ್ಲಿರೋದು. ಯಾರೋ ಹಿಂದೆ ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸಿದ್ದರು. ಕೊನೆಯ ಸಾಲಿನಲ್ಲಿ ‘ಕಕ್ಷಿದಾರರ ಸಹಿ / ಹೆಬ್ಬೆಟ್ಟು’ ಅಂತ ಇತ್ತು.

ಒಬ್ಬ ಅಜ್ಜಿ ಬಂದಿದ್ದರು. ಗುರುತು ಸಿಗದ ಹಾಗೆ ವಿವರ ಬದಲಿಸಿ ಬರೆಯುತ್ತಿದ್ದೇನೆ. ನಾನು ಒಂದೊಂದೇ ಸಾಲು ಓದಿ ಹೇಳುತ್ತಾ ಆ ಪದಕ್ಕೆ ಬಂದೆ. ಇಂಕ್ ಪ್ಯಾಡಿನ ಕಡೆ ಚಾಚಿದ್ದ ಹೆಬ್ಬೆರಳನ್ನು ಅಜ್ಜಿ ಹಾಗೇ ಮಡಚಿಕೊಂಡರು. ‘ಯಾವ ಕೇಸವ್ವ ಇದು? ಜಮೀನಿಂದಾ? ನಮ್ ಹುಡುಗ್ರು ಹೇಳ್ ಕಳ್ಸವ್ರಾ?’ ಅಂದರು. ಕಕ್ಷಿದಾರ ಅನ್ನೋ ಪದ ಅವರ ಕಿವಿಗೆ ಬಿದ್ದಿದ್ದು ಕೋರ್ಟಿನಲ್ಲಿ ಮಾತ್ರ. ಎಷ್ಟು ಬಿಡಿಸಿ ಹೇಳಿದರೂ ಹೆಬ್ಬೆಟ್ಟು ಒತ್ತಲಿಲ್ಲ. ‘ಮುಂದಿನ್ ವಾರ ಬತ್ತೀನಿ ಬಿಡವ್ವ’ ಅಂದು ಎದ್ದರು. ಬರಲಿಲ್ಲ. ಒಂದು ತಪ್ಪು ಪದಕ್ಕೆ ಒಬ್ಬರು ಬಾಗಿಲ ತನಕ ಬಂದು ವಾಪಸ್ ಹೋದರು.

ನಿಘಂಟು ತೆಗೆದರೆ ಸಿಗುವುದು ಎರಡು, ಕಕ್ಷಿದಾರ ಮತ್ತು ಗ್ರಾಹಕ. ಒಂದು ಲಾಯರಿನದು, ಇನ್ನೊಂದು ಅಂಗಡಿಯದು. ಸರ್ಕಾರಿ ಕಾಗದಗಳಲ್ಲಿ ‘ಫಲಾನುಭವಿ’ ಅಂತಲೂ ನೋಡಿದೆ. ಮಗನನ್ನು ಕಳೆದುಕೊಂಡು ಬಂದ ತಾಯಿಯನ್ನು ಫಲಾನುಭವಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ‘ಸಮಾಲೋಚನಾರ್ಥಿ’ ವಿದ್ಯಾರ್ಥಿಯ ಹಾಗೆ ಸರಿಯಾಗಿಯೇ ಕಟ್ಟಿದ ಪದ. ಆದರೆ ಕಾಗದದ ಮೇಲಿಂದ ಅದು ನಾಲಿಗೆಗೆ ಇಳಿಯುವುದಿಲ್ಲ.

ಸುಮ್ನೆ ‘ರೋಗಿ’ ಅಂದರೆ ಆಗಲ್ವಾ ಅಂತ ಆಸ್ಪತ್ರೆಯ ಸಿಸ್ಟರ್ ಒಬ್ಬರು ಕೇಳಿದರು. ಆಗುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1942ರ ತಮ್ಮ ಪುಸ್ತಕದಲ್ಲಿ ‘ಪೇಷೆಂಟ್’ ಬಿಟ್ಟು ‘ಕ್ಲೈಂಟ್’ ಅಂತ ಬಳಸಿದ್ದು ಅದಕ್ಕೇ. ಬಂದವರು ಸುಮ್ಮನೆ ಮಲಗಿ ಔಷಧಿ ಮಾಡಿಸಿಕೊಳ್ಳುವವರಲ್ಲ, ತಮ್ಮ ದಾರಿ ತಾವೇ ಕಂಡುಕೊಳ್ಳಬಲ್ಲವರು ಅನ್ನುವುದು ಅವರ ನಂಬಿಕೆ. ನಮಗೆ ಮೊದಲ ಸೆಮಿಸ್ಟರಿನಲ್ಲೇ ಇದನ್ನು ಹೇಳಿಕೊಡುತ್ತಾರೆ. ಆ ನಂಬಿಕೆಗೆ ಇಂಗ್ಲಿಷಿನಲ್ಲಿ ಪದ ಸಿಕ್ಕಿತು, ನಮ್ಮಲ್ಲಿ ಇನ್ನೂ ಸಿಕ್ಕಿಲ್ಲ.

ಕೌನ್ಸೆಲಿಂಗ್ ಅನ್ನುವ ಪದದ್ದೂ ಇದೇ ಪಾಡು. ನಮ್ಮ ಕಡೆ ಕೌನ್ಸೆಲಿಂಗ್ ಅಂದರೆ ಸಿಇಟಿ ಸೀಟು, ಇಲ್ಲವೇ ಮೇಷ್ಟ್ರುಗಳ ವರ್ಗಾವಣೆ. ನಾನು ಇದನ್ನು ಓದುತ್ತಿದ್ದೇನೆ ಅಂದಾಗ ನಮ್ಮ ಸೋದರಮಾವ ‘ಯಾವ ಕಾಲೇಜು ಸಿಕ್ತು?’ ಅಂತಲೇ ಕೇಳಿದ್ದು. ‘ಆಪ್ತಸಮಾಲೋಚನೆ’ ಒಳ್ಳೆಯ ಪದ, ಅದರ ಮೇಲೆ ನನಗೆ ಪ್ರೀತಿಯಿದೆ. ಆಪ್ತ ಅಂದರೆ ನಂಬಿಕಸ್ತ, ಸಮಾಲೋಚನೆ ಅಂದರೆ ಜೊತೆಗೂಡಿ ಯೋಚಿಸುವುದು. ಉಪದೇಶದ ವಾಸನೆಯೇ ಇಲ್ಲ. ಆದರೆ ಆಸ್ಪತ್ರೆಯಲ್ಲಿ ಆ ಬೋರ್ಡು ಇರುವುದು ಎಚ್‌ಐವಿ ಪರೀಕ್ಷೆ ಮಾಡುವ ಕೋಣೆಯ ಮೇಲೆ, ಹಾಗಾಗಿ ಜನ ಅದರ ಮುಂದೆ ನಿಲ್ಲಲೂ ಹಿಂಜರಿಯುತ್ತಾರೆ. ಅದೂ ಅಲ್ಲದೆ ಆಪ್ತ ಸಹಾಯಕ, ಆಪ್ತ ಕಾರ್ಯದರ್ಶಿ ಕೇಳಿ ಕೇಳಿ, ‘ಆಪ್ತ’ ಅಂದ ಕೂಡಲೇ ಸಾಹೇಬರ ಕಚೇರಿ ನೆನಪಾಗುತ್ತದೆ.

ಇನ್ನು ‘ಕ್ಲಿನಿಕಲ್’. ನನ್ನ ಚಿಕ್ಕಮ್ಮನ ಮಗಳು ಕ್ಯಾಲಿಫೋರ್ನಿಯಾದಲ್ಲಿ ಪ್ರೊಫೆಷನಲ್ ಕ್ಲಿನಿಕಲ್ ಕೌನ್ಸೆಲಿಂಗ್ ಓದುತ್ತಿದ್ದಾಳೆ. ಅಲ್ಲಿ ಡಿಗ್ರಿ ಆದ ಮೇಲೆ ಹಿರಿಯರ ಕೈಕೆಳಗೆ 3,000 ಗಂಟೆ ಕೆಲಸ ಮಾಡಬೇಕು. ಪರೀಕ್ಷೆಯೂ ಪಾಸಾಗಬೇಕು. ಆಮೇಲೇ ಲೈಸೆನ್ಸು. ಅವಳ ಡಿಗ್ರಿಯನ್ನು ‘ಚಿಕಿತ್ಸಾ ಸಮಾಲೋಚನೆ’ ಅಂತ ಕನ್ನಡ ಮಾಡಿದರೆ ಇಲ್ಲಿ ತೊಡಕಾಗುತ್ತದೆ. ನಮ್ಮಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನಿಸಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಆಗಬೇಕು, ಅದರ ಓದೇ ಬೇರೆ. ನನ್ನ ಎಂ.ಎಸ್ಸಿ.ಗೆ ಆ ಹೆಸರು ಸಲ್ಲುವುದಿಲ್ಲ. ಗ್ರೀಕ್ ಮೂಲದಲ್ಲಿ ‘ಕ್ಲಿನಿಕಲ್’ ಪದಕ್ಕೆ ಹಾಸಿಗೆಯ ನಂಟು, ಅಂದರೆ ಮಲಗಿದವರ ಪಕ್ಕದಲ್ಲಿ ನಿಂತು ನೋಡುವುದು. ಇದನ್ನು ಇಲ್ಲಿಗೇ ಬಿಡುತ್ತೇನೆ, ಬಲ್ಲವರು ಮುಂದುವರಿಸಬಹುದು.

ನನಗೆ ಹೊಳೆದದ್ದನ್ನು ಈಗ ನಿಮ್ಮ ಮುಂದಿಡುತ್ತೇನೆ. ಬಂದವರು ಕೂತ ಕೂಡಲೇ ಆಡುವ ಮಾತುಗಳನ್ನು ಒಂದು ತಿಂಗಳಿನಿಂದ ಗಮನಿಸುತ್ತಿದ್ದೇನೆ. ‘ಖಿನ್ನತೆ’ ಅಂತ ಒಬ್ಬರೂ ಅಂದಿಲ್ಲ. ‘ಎದೆ ಭಾರ’, ‘ಮನಸಿಗೆ ಹಚ್ಕೊಂಡ್ಬಿಟ್ಟೆ’, ‘ಒಳಗೊಳಗೇ ಕೊರಗ್ತೀನಿ’ ಅನ್ನುತ್ತಾರೆ. ಪಾವಗಡದ ಕಡೆಯವರು ತೆಲುಗಿನಲ್ಲಿ ‘ಮನಸು ಬಾಗಲೇದು’, ಅಂದರೆ ಮನಸ್ಸು ಚೆನ್ನಾಗಿಲ್ಲ, ಅನ್ನುತ್ತಾರೆ. ಆದರೆ ಎಲ್ಲಕ್ಕಿಂತ ಜಾಸ್ತಿ ಕೇಳಿದ್ದು ಒಂದೇ ಮಾತು: ‘ಯಾರತ್ರ ಹೇಳ್ಕೊಳ್ಳಿ?’

ಗಮನಿಸಿ, ‘ಹೇಳಲಿ’ ಅಲ್ಲ, ‘ಹೇಳ್ಕೊಳ್ಳಿ’. ದಾರಿ ಹೇಳುತ್ತೇವೆ, ಬೆಲೆ ಹೇಳುತ್ತೇವೆ. ಕಷ್ಟವನ್ನು ಹೇಳಿಕೊಳ್ಳುತ್ತೇವೆ. ಆ ‘ಕೊಳ್ಳು’ ಸೇರಿದ ಕೂಡಲೇ ಮಾತಿನ ಫಲ ಆಡಿದವರ ಕಡೆಗೇ ತಿರುಗುತ್ತದೆ. ಇತ್ತ ನನ್ನ ಕೆಲಸಕ್ಕೂ ಹಾಗೇ. ‘ಕೇಳು’ ಅಂದರೆ ಪ್ರಶ್ನೆ ಕೇಳುವುದೂ ಆಗಬಹುದು, ‘ಕೇಳಿಸಿಕೊಳ್ಳು’ ಅಂದರೆ ಬೇರೆ ಅರ್ಥವೇ ಇಲ್ಲ. ಎರಡು ವರ್ಷದ ಓದಿನಲ್ಲಿ ನನಗೆ ಕಲಿಸುತ್ತಿರುವುದರ ಮುಕ್ಕಾಲು ಪಾಲು ಆ ಒಂದು ಕ್ರಿಯಾಪದದಲ್ಲಿದೆ. ಹಾಗಾದರೆ ಒಪ್ಪಿಗೆ ಪತ್ರದಲ್ಲಿ ‘ಹೇಳಿಕೊಳ್ಳುವವರ ಸಹಿ’, ‘ಕೇಳಿಸಿಕೊಳ್ಳುವವರ ಸಹಿ’ ಅಂತ ಹಾಕಬಹುದಲ್ವಾ?

ಒಂದು ಅಡ್ಡಿ ನನಗೇ ಕಾಣುತ್ತಿದೆ. ‘ತಾನೇ ಪಂಡಿತ ಅಂತ ಹೇಳಿಕೊಳ್ಳುವವರು’ ಅನ್ನುವಲ್ಲಿ ಇದೇ ರೂಪಕ್ಕೆ ಜಂಬದ ಅರ್ಥ ಬರುತ್ತದೆ. ಪತ್ರದಲ್ಲಿ ಬರೀ ‘ಹೇಳಿಕೊಳ್ಳುವವರು’ ಅಂತಿದ್ದರೆ ‘ಏನಂತ ಹೇಳಿಕೊಳ್ಳುವವರು?’ ಅಂತ ಓದುಗ ಹುಡುಕಬಹುದು. ‘ಮಾತಿಗೆ ಬಂದವರು’ ಅನ್ನೋದು ನನ್ನ ಎರಡನೇ ಆಯ್ಕೆ. ಹಗುರವಾಗಿದೆ, ಯಾರನ್ನೂ ಕುಗ್ಗಿಸುವುದಿಲ್ಲ. ಆದರೆ ನಮ್ಮ ಕಡೆ ಹೆಣ್ಣು ಗಂಡಿನ ಮಾತುಕತೆಗೆ ಬಂದವರನ್ನೂ ಹಾಗೇ ಅನ್ನುತ್ತೇವೆ.

ನಿಮ್ಮ ನಿಮ್ಮ ಊರಿನಲ್ಲಿ, ಕೋಲಾರವಿರಲಿ, ಧಾರವಾಡವಿರಲಿ, ಮಂಗಳೂರಿರಲಿ, ಕಷ್ಟ ಹೇಳಿಕೊಳ್ಳಲು ಬಂದವರಿಗೆ ಮನೆಮಂದಿ ಬಳಸುವ ಪದ ಏನಾದರೂ ಇದೆಯಾ? ಹಳೆಗನ್ನಡ ಬಲ್ಲವರಿಗೆ ಏನಾದರೂ ನೆನಪಾದರೆ ಅದನ್ನೂ ಬರೆಯಿರಿ. ಇನ್ನೊಂದು ಸಣ್ಣ ವಿಷಯ, ಪತ್ರದಲ್ಲಿ ‘ಗೌಪ್ಯತೆ’ ಅಂತಿದೆ. ಅದನ್ನು ‘ಗೋಪ್ಯ’ ಅಂತ ತಿದ್ದಲೋ, ‘ಗುಟ್ಟು’ ಅಂತ ಇಡಲೋ? ಹೊಸ ಪತ್ರ ಸೋಮವಾರ ಜೆರಾಕ್ಸ್‌ಗೆ ಹೋಗುತ್ತದೆ. ಅಷ್ಟರೊಳಗೆ ಉತ್ತರ ಬಂದರೆ ಅದೇ ಪದ ಹಾಕಿಸುತ್ತೇನೆ.